ಪಿಜ್ಜಾ ಅಂಗಡಿಯ ಹಾಡು, ಎದುರುಮನೆಯ ಉಂಡೆ

ತಂಗಿಯ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೋದವಳು ನಾನು. ಎಣ್ಣೆನೀರು, ಮೆಂತ್ಯದ ಹಿಟ್ಟು, ಮಗುವಿನ ಬಟ್ಟೆ, ಇಷ್ಟರಲ್ಲೇ ಮೂರು ತಿಂಗಳು ಕಳೆಯುತ್ತೇನೋ ಅಂದುಕೊಂಡಿದ್ದೆ. ಒಂದು ಭಾನುವಾರ ತಂಗಿಯ ಗಂಡ, "ಅಕ್ಕಾ, ಬನ್ನಿ, ನಿಮಗೊಂದು ಊರು ತೋರಿಸ್ತೀನಿ" ಎಂದರು. ಸ್ವಾತಂತ್ರ್ಯ ದೇವಿಯ ಪ್ರತಿಮೆಯೇ ಇರಬೇಕೆಂದು ರೇಷ್ಮೆ ಸೀರೆ ಉಟ್ಟು ಹೊರಟೆ. ಕರೆದೊಯ್ದದ್ದು ಇಂಗಲ್‌ವುಡ್ಡಿಗೆ!

ನ್ಯೂಯಾರ್ಕಿನ ಕಡೆಯಿಂದ ಹಡ್ಸನ್ ಹೊಳೆಯ ಮೇಲಿನ ಜಾರ್ಜ್ ವಾಷಿಂಗ್ಟನ್ ಸೇತುವೆ ದಾಟಿದರೆ ಕೆಲವೇ ಮೈಲಿ. ಸಾಲುಮರ, ಪ್ಯಾಲಿಸೇಡ್ ಅವೆನ್ಯೂ ಎಂಬ ಪೇಟೆಬೀದಿ, ಪೇಟೆಯ ನಡುವೆಯೇ ಹಾದುಹೋಗುವ ರೈಲುಹಳಿ. ನಮ್ಮ ತಿಪಟೂರಿನಂಥದೇ ನೆಮ್ಮದಿಯ ಊರು. "ಇಲ್ಲೇನಪ್ಪಾ ನೋಡೋದು?" ಎಂದೆ. "ನೋಡೋಕಲ್ಲ ಅಕ್ಕಾ, ಕೇಳೋಕೆ" ಎಂದು ಕಾರಿನಲ್ಲಿ ಹಾಡು ಹಾಕಿದರು.

ಹಾಡೆಂದರೆ ರಾಗದ ಹಾಡಲ್ಲ. ತಾಳಕ್ಕೆ ಸರಿಯಾಗಿ ಪ್ರಾಸ ಹೊಸೆದು ಮಾತಾಡುವುದು, ನಮ್ಮ ಲಾವಣಿಯವರು ದಪ್ಪು ಬಡಿದು ಹೇಳಿದ ಹಾಗೆ. ಇದಕ್ಕೆ ರ‍್ಯಾಪ್ ಎನ್ನುತ್ತಾರೆ. ಇದು ಬೆಳೆದದ್ದು ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ಹುಡುಗರ ಪಾರ್ಟಿಗಳಲ್ಲಿ. ಆದರೆ ರೆಕಾರ್ಡಾಗಿ ದೇಶವೆಲ್ಲ ತಿರುಗಿದ್ದು ಈ ಇಂಗಲ್‌ವುಡ್ಡಿನಿಂದ. ಮಾಡಿಸಿದ್ದು ಒಬ್ಬ ಹೆಂಗಸು ಕಣ್ರೀ! ಸಿಲ್ವಿಯಾ ರಾಬಿನ್ಸನ್ ಅಂತ. ಸ್ವತಃ ಗಾಯಕಿ, ಮೂವರು ಗಂಡುಮಕ್ಕಳ ತಾಯಿ. 1979ರಲ್ಲಿ ಗಂಡನ ಜೊತೆ ಸೇರಿ ಶುಗರ್ ಹಿಲ್ ಎಂಬ ರೆಕಾರ್ಡ್ ಕಂಪನಿ ಕಟ್ಟಿದಳು. ಹಾಡುವವರು ಬೇಕಲ್ಲ? ಹಿರಿಮಗ ಜೋಯಿ ತೋರಿಸಿದ್ದು ಇದೇ ಊರಿನ ಪಿಜ್ಜಾ ಅಂಗಡಿಯಲ್ಲಿದ್ದ ಹ್ಯಾಂಕ್‌ನನ್ನು. ಅವನು ಅಂಗಡಿಯಿಂದ ಎದ್ದು ಬಂದು ಕಾರಿನಲ್ಲಿ ಕೂತೇ ಹಾಡಿ ತೋರಿಸಿದನಂತೆ. ವಂಡರ್ ಮೈಕ್, ಮಾಸ್ಟರ್ ಜೀ ಎಂಬ ಇನ್ನಿಬ್ಬರು ಸೇರಿದರು. ಶುಗರ್‌ಹಿಲ್ ಗ್ಯಾಂಗ್ ಆಯಿತು.

'ರ‍್ಯಾಪರ್ಸ್ ಡಿಲೈಟ್' ಎಂಬ ಅವರ ಹಾಡು ಬರೋಬ್ಬರಿ ಹದಿನಾಲ್ಕೂವರೆ ನಿಮಿಷ. ಬೇಳೆ ಬೇಯುವಷ್ಟು ಹೊತ್ತು! 1980ರ ಹೊತ್ತಿಗೆ ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 36ನೆಯ ಸ್ಥಾನಕ್ಕೇರಿತು. ಅದೇ ವರ್ಷ ಅವರ ಮೊದಲ ಆಲ್ಬಂ, ತಂಡದ ಹೆಸರಿನಲ್ಲೇ ಬಂತು. ಆರೇ ಹಾಡು. ಎಲ್ಲವೂ ರ‍್ಯಾಪ್ ಅಲ್ಲ. ಆಗಿನ ಜನಕ್ಕೆ ಒಗ್ಗಿದ್ದ ರಾಗದ ಹಾಡುಗಳೂ ಇವೆ. ಹೊಸ ಅಡುಗೆ ಬಡಿಸುವಾಗ ಪಕ್ಕದಲ್ಲಿ ಅನ್ನ ಸಾರೂ ಇಟ್ಟ ಹಾಗೆ.

ಇಷ್ಟು ಹೇಳಿ ತಂಗಿಯ ಗಂಡ ನಕ್ಕರು. "ಆದ್ರೆ ಅಕ್ಕಾ, ಹ್ಯಾಂಕ್ ಹೇಳಿದ ಮಾತುಗಳು ಅವನದಲ್ಲ." ಬ್ರಾಂಕ್ಸಿನ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಎಂಬುವನ ನೋಟ್‌ಬುಕ್ ಈಸಿಕೊಂಡು ಅದರಲ್ಲಿದ್ದದ್ದನ್ನೇ ಹೇಳಿದ್ದನಂತೆ. ಎಷ್ಟು ಯಥಾವತ್ತೆಂದರೆ, ಕ್ಯಾಜ್‌ಗೆ ಆಗ ಇದ್ದ ಕ್ಯಾಸನೋವಾ ಎಂಬ ಹೆಸರಿನ ಅಕ್ಷರಗಳೂ ಹಾಗೆಯೇ ಹಾಡಿನೊಳಗೆ ಬಂದುಬಿಟ್ಟಿವೆ! ರೆಕಾರ್ಡಿನ ಮೇಲೆ ಮಾತ್ರ ಅವನ ಹೆಸರಿಲ್ಲ.

ನನ್ನ ಎದೆ ಚುರುಕ್ ಎಂದಿತು. ಹಿಂದೊಮ್ಮೆ ಮಹಿಳಾ ಸಮಾಜದ ಅಡುಗೆ ಸ್ಪರ್ಧೆಗೆ ಎದುರುಮನೆ ಅಜ್ಜಿಯ ನುಚ್ಚಿನುಂಡೆಯನ್ನು ನನ್ನದೆಂದು ಒಯ್ದಿದ್ದೆ. ಮೊದಲ ಬಹುಮಾನ, ಸ್ಟೀಲ್ ಡಬ್ಬಿ. ವಿಧಾನ ಕೇಳಿದಾಗ, "ಸಬ್ಬಸಿಗೆ ಮೂರು ಬೆರಳಷ್ಟು ಹಿಡೀಬೇಕು" ಎಂದು ಅಜ್ಜಿಯ ಮಾತನ್ನೇ ಆಡಿದ್ದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿ ಎಲ್ಲರ ಜೊತೆ ಚಪ್ಪಾಳೆ ತಟ್ಟಿದ್ದರು.

ವೆಸ್ಟ್ ಸ್ಟ್ರೀಟಿನಲ್ಲಿದ್ದ ಸಿಲ್ವಿಯಾಳ ಸ್ಟುಡಿಯೋ 2002ರಲ್ಲಿ ಸುಟ್ಟುಹೋಯಿತು. ಆಕೆ 2011ರಲ್ಲಿ ತೀರಿಕೊಂಡಳು, ಹ್ಯಾಂಕ್ 2014ರಲ್ಲಿ. ಇನ್ನು ಯಾರು ಯಾರಿಗೆ ತಪ್ಪಾಯ್ತು ಅನ್ನಬೇಕು? ವಾಪಸು ಬರುವಾಗ ಕಾರಿನಲ್ಲಿ ನಾನು ಮಾತೇ ಆಡಲಿಲ್ಲ.

ಊರಿಗೆ ಬಂದ ಮಾರನೇ ದಿನವೇ ಡಬ್ಬಿ ಹಿಡಿದು ಎದುರುಮನೆಗೆ ಹೋದೆ. ಎಲ್ಲ ಹೇಳಿಕೊಂಡೆ. ಅಜ್ಜಿ ಡಬ್ಬಿಯನ್ನು ತಿರುಗಿಸಿ ನೋಡಿದರು.

"ಅಯ್ಯೋ ಹುಚ್ಚಿ, ಆ ಉಂಡೆ ನಂದೂ ಅಲ್ಲ ಕಣೆ, ನಮ್ಮತ್ತೆದು. ಅವತ್ತೇ ಹೇಳೋಣ ಅಂತಿದ್ದೆ. ನನ್ನ ಯಾರೂ ಕೇಳ್ಲಿಲ್ಲ."