ನಮೋ ಮರಿಯೆ ಮತ್ತು ಕೋಳಿಗೂಡು

ಧ್ಯಾನಕೂಟಕ್ಕೆ ಬಂದ ಬೋಧಕರೊಬ್ಬರು ಮೈಕಿನಲ್ಲಿ ಹೇಳಿದ ಮಾತು ಇನ್ನೂ ಕಿವಿಯಲ್ಲಿ ಕೊರೆಯುತ್ತಿದೆ: ಮನಸ್ಸಿಲ್ಲದ ಪ್ರಾರ್ಥನೆ ಚಾವಣಿ ದಾಟುವುದಿಲ್ಲವಂತೆ. ನಮ್ಮದು ಹೆಂಚಿನ ಮನೆ. ಮಳೆನೀರೇ ಸಲೀಸಾಗಿ ಒಳಗೆ ಬರುವಾಗ ಪ್ರಾರ್ಥನೆಗೆ ಹೊರಗೆ ಹೋಗಲು ಏನು ಕಷ್ಟ?

ಜಪಸರದ ಮೊದಲ ರಹಸ್ಯ ಹೇಗೋ ಭಕ್ತಿಯಿಂದಲೇ ಸಾಗುತ್ತದೆ. ಎರಡನೆಯದಕ್ಕೆ ಕುಕ್ಕರ್ ಎಷ್ಟು ಸಲ ಕೂಗಿತೆಂಬ ಲೆಕ್ಕ ಶುರು. ಮೂರನೆಯದರಲ್ಲಿ, ಯಾವುದೋ ಮದುವೆಯಲ್ಲಿ ಭಾವ ಚುಚ್ಚಿದ ಮಾತಿಗೆ ಅಂದು ಹೊಳೆಯದೇ ಹೋದ ಸೊಗಸಾದ ಉತ್ತರ ಹೊಳೆದುಬಿಡುತ್ತದೆ. ಬೆರಳು ಮಾತ್ರ ಶಿಸ್ತಾಗಿ ಮಣಿ ದಾಟುತ್ತಿರುತ್ತದೆ; 53 ನಮೋ ಮರಿಯೆಗಳಲ್ಲಿ ಒಂದೂ ತಪ್ಪುವುದಿಲ್ಲ. ನಮ್ಮಜ್ಜಿಯದು ಇನ್ನೂ ನೇರ ವ್ಯವಹಾರ. ನಮೋ ಮರಿಯೆಯ ಮೊದಲರ್ಧ ತಾನು ಹೇಳಿ, ಉಳಿದರ್ಧವನ್ನು ನಾವೆಲ್ಲ ಹೇಳುವ ಸಂದಿನಲ್ಲಿ “ಕೋಳಿಗೂಡಿನ ಬಾಗಿಲು ಹಾಕಿದ್ಯೇನೋ?” ಎಂದು ಕೇಳಿ, ರಾಗ ಕೆಡದಂತೆ ಮುಂದಿನ ಮಣಿಗೆ ಹೋಗುತ್ತಿದ್ದಳು. 1992ರಲ್ಲಿ ಹೊರಬಂದ ಕಥೋಲಿಕ ಧರ್ಮೋಪದೇಶ ಗ್ರಂಥ ಈ ಅಲೆದಾಟದ ಬಗ್ಗೆ ಸಾಕಷ್ಟು ಮೃದುವಾಗಿಯೇ ಇದೆ. ಓಡುವ ಯೋಚನೆಗಳನ್ನು ಬೆನ್ನಟ್ಟಿದರೆ ಅವುಗಳ ಬಲೆಗೇ ಬೀಳುತ್ತೀರಿ ಎನ್ನುತ್ತದೆ. ನಾವು ಯಾವುದಕ್ಕೆ ಅಂಟಿಕೊಂಡಿದ್ದೇವೆಂದು ಅವು ತೋರಿಸುತ್ತವೆ ಎಂದೂ ಹೇಳುತ್ತದೆ. ಅಜ್ಜಿ ಅಂಟಿಕೊಂಡಿದ್ದು ಕೋಳಿಗಳಿಗೆ. ಮುಂಗುಸಿ ಕಾಟ ಇತ್ತು, ಪಾಪ.

ಇಂಥ ವಿಷಯದಲ್ಲಿ ನನಗೆ ಧೈರ್ಯ ಕೊಡುವವಳು ಲಿಸ್ಯೂವಿನ ತೆರೇಸಾ. ಶಿಲುಬೆಯನ್ನೂ ಗುಲಾಬಿಗಳನ್ನೂ ಎದೆಗವಚಿಕೊಂಡ ಪಟ ನೋಡಿದರೆ ಧ್ಯಾನದಿಂದ ಕಣ್ಣೇ ತೆರೆಯದವಳೆನಿಸುತ್ತದೆ. ಕಣ್ಣು ತೆರೆಯದಿದ್ದದ್ದು ನಿಜ, ಕಾರಣ ಬೇರೆ. 1888ರಲ್ಲಿ, 15ನೇ ವಯಸ್ಸಿಗೆ, ಫ್ರಾನ್ಸಿನ ಆ ಊರಿನ ಕಾರ್ಮೆಲ್ ಮಠ ಸೇರಿದವಳು ಧ್ಯಾನದ ಹೊತ್ತಿನಲ್ಲಿ ತೂಕಡಿಸಿದ್ದೇ ತೂಕಡಿಸಿದ್ದು. ಏಳು ವರ್ಷದಿಂದ ಹೀಗೆ ನಿದ್ದೆ ಮಾಡುತ್ತಿದ್ದೇನೆ, ಕೊರಗಬೇಕಿತ್ತು, ಕೊರಗುತ್ತಿಲ್ಲ ಎಂದು ತಾನೇ ಬರೆದಿಟ್ಟಳು. ಮಲಗಿದ ಮಗುವೂ ಹೆತ್ತವರಿಗೆ ಮುದ್ದೇ ಅಲ್ಲವೇ ಎಂಬುದು ಅವಳ ವಾದ. ಒಬ್ಬಳೇ ಕೂತು ಜಪಸರ ಹೇಳುವುದಂತೂ ದೇಹದಂಡನೆಗಿಂತ ಕಷ್ಟವಾಗಿತ್ತಂತೆ.

ಸಂಜೆಯ ಮೌನಧ್ಯಾನದಲ್ಲಿ ಅವಳ ಹಿಂದೆ ಕೂರುತ್ತಿದ್ದ ಸನ್ಯಾಸಿನಿಯೊಬ್ಬಳದು ಇನ್ನೊಂದು ಕಾಟ. ಎರಡು ಚಿಪ್ಪುಗಳನ್ನು ಉಜ್ಜಿದಂಥ ಸಣ್ಣ ಸದ್ದು, ನಿಲ್ಲುವ ಮಾತೇ ಇಲ್ಲ. ತಿರುಗಿ ಒಮ್ಮೆ ದುರುಗುಟ್ಟಿ ನೋಡಿದ್ದರೆ ನಿಲ್ಲುತ್ತಿತ್ತೋ ಏನೋ. ತೆರೇಸಾ ನೋಡಲಿಲ್ಲ, ಕೂತಲ್ಲೇ ಬೆವೆತಳು. ಕೇಳಿಸಿಕೊಳ್ಳದಿರಲು ಹೆಣಗಿ ಸೋತು, ಕೊನೆಗೆ ಅದಕ್ಕೇ ಕಿವಿಗೊಟ್ಟು, ಸಂಗೀತ ಕಚೇರಿಯೆಂಬಂತೆ ಕೇಳಿ, ಆ ಕಚೇರಿಯನ್ನೇ ಯೇಸುವಿಗೆ ಒಪ್ಪಿಸಿದಳು. ಅಂದಿನ ಧ್ಯಾನ ಅಷ್ಟೇ. ನಾನಾಗಿದ್ದರೆ ಮಠದ ಹಿರಿಯರಿಗೆ ದೂರು ಕೊಡುತ್ತಿದ್ದೆ.

ಇಂಥವಳನ್ನು ಧರ್ಮಸಭೆ 1925ರಲ್ಲಿ ಸಂತಪದವಿಗೇರಿಸಿತು, 1997ರಲ್ಲಿ ತನ್ನ ಪಂಡಿತರ ಸಾಲಿಗೂ ಸೇರಿಸಿತು. ಹಬ್ಬ ಅಕ್ಟೋಬರ್ 1ಕ್ಕೆ. ಅಕ್ಟೋಬರ್ ಎಂದರೆ ಜಪಸರದ ತಿಂಗಳು! ಪಂಚಾಂಗ ಹಾಕಿದವರು ಬೇಕೆಂದೇ ಹೀಗೆ ಮಾಡಿದರೋ, ತಾವೂ ತೂಕಡಿಸುತ್ತಿದ್ದರೋ.

ಆದರೆ ನಿದ್ದೆ, ಸದ್ದುಗಳ ಆಚೆಯದೂ ಒಂದಿದೆ. 1896ರ ಪಾಸ್ಕದಿಂದ ಮರುವರ್ಷ ಕ್ಷಯದಲ್ಲಿ ಸಾಯುವವರೆಗೆ, ಸ್ವರ್ಗವೆಂಬುದೇ ಇಲ್ಲವೇನೋ ಎಂಬ ಕತ್ತಲು ಅವಳನ್ನು ಕವಿದಿತ್ತು. ಆಗಿನ್ನೂ 24 ವಯಸ್ಸು. ಕತ್ತಲು ಸರಿಯಲಿಲ್ಲ, ಪ್ರಾರ್ಥನೆಯನ್ನು ಅವಳು ಬಿಡಲೂ ಇಲ್ಲ. ಇದರ ಮುಂದೆ ನನ್ನ ಕುಕ್ಕರಿನ ತಕರಾರು ಹೇಳಿಕೊಳ್ಳಲೂ ನಾಚಿಕೆ.

ಒಮ್ಮೆ ಮಾತ್ರ ನನ್ನ ಮನಸ್ಸು ಎಲ್ಲಿಗೂ ಓಡಲಿಲ್ಲ. ಅಮ್ಮನನ್ನು ಆಪರೇಷನ್ ಥಿಯೇಟರ್ ಒಳಗೆ ಕರೆದುಕೊಂಡು ಹೋಗಿದ್ದರು. ಹೊರಗೆ ಬೆಂಚಿನ ಮೇಲೆ ಕೂತು ಹೇಳಿದ ಜಪದಲ್ಲಿ ಒಂದೇ ಒಂದು ಬೇರೆ ಯೋಚನೆ ಸುಳಿಯಲಿಲ್ಲ. ಅಂಥ ಏಕಾಗ್ರತೆ ನನಗೆ ಇನ್ನೊಮ್ಮೆ ಬೇಡ.