ಮೇಷ್ಟ್ರ ಯೆಜ್ಡಿಗೆ ಯಾವ ಸಿಲಿಂಡರು?

ಯೆಜ್ಡಿ ಬೈಕ್ ಇಟ್ಟವರ ಮನೆಯಲ್ಲಿ ಒಂದಲ್ಲ ಒಂದು ದಿನ ಹೊಸ ಸಾಮಾನೋ ಹಳೇದೋ ಅನ್ನೋ ಜಗಳ ಆಗಿಯೇ ಆಗಿರುತ್ತೆ. ನಮ್ಮನೆಯಲ್ಲಿ ಆದದ್ದು ಹೇಳ್ತೀನಿ, ಆ ಸೌದೆ ಇನ್ನೊಂಚೂರು ಒಳಗೆ ತಳ್ಳಿ.

ನಮ್ಮ ಚಿಕ್ಕಪ್ಪ ಹುಣಸೂರಿನ ಕಡೆ ಮೇಷ್ಟ್ರು. ಅವರದು ರೋಡ್‌ಕಿಂಗ್, ಜೋಡಿ ಸೈಲೆನ್ಸರಿನದು. ಒಂದು ಬೇಸಿಗೆ ಮಧ್ಯಾಹ್ನ ಮೈಸೂರಿಗೆ ಬರ್ತಾ, ಬಿಳಿಕೆರೆ ದಾಟಿದ ಮೇಲೆ ಹಿಂದಿನ ಚಕ್ರ ಕಿರ್ರಂತ ಕಚ್ಚಿಕೊಂಡು ಗಾಡಿ ನಿಂತೇಬಿಟ್ಟಿತು. ಲಗೇಜ್ ಆಟೋಗೆ ಹೇರಿಸಿ ಮಂಡಿ ಮೊಹಲ್ಲಾದ ಸಾಬರ ಗ್ಯಾರೇಜಿಗೆ ತಂದರು.

ಸಾಬರು ಹೆಡ್ ಬಿಚ್ಚಿ, ಸಿಲಿಂಡರ್ ಎಳೆದು, ಪಿಸ್ಟನ್ ತಲೆಯ ಮಸಿಯನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರು. 1.00 ಅಂತ ಅಂಕಿ ಕಂಡಿತು. "ಮುಗೀತು ಮೇಷ್ಟ್ರೇ, ಇದಕ್ಕೆ ಇನ್ನು ಬೋರ್ ಕೊಡಕ್ಕಾಗಲ್ಲ." ಸವೆದ ಸಿಲಿಂಡರನ್ನು ಕಾಲು ಕಾಲು ಮಿಲಿಮೀಟರ್ ಕೊರೆಸಿ, ಒಂದೊಂದು ಸೈಜು ದೊಡ್ಡ ಪಿಸ್ಟನ್ ಹಾಕ್ತಾ ಹೋಗೋದು ಪದ್ಧತಿ. ಇದು ಆಗಲೇ ಕಡೇ ಸೈಜಿಗೆ ಬಂದಿತ್ತು, ಬೇರೆ ಸಿಲಿಂಡರೇ ಬೇಕಿತ್ತು.

ಕಂಪನಿ ಇದ್ದಿದ್ದರೆ ಹೊಸದೋ ಹಳೇದೋ ಅನ್ನೋ ಮಾತೇ ಏಳ್ತಿರಲಿಲ್ಲ. ಯೆಜ್ಡಿ ಮಾಡ್ತಿದ್ದ ಮೈಸೂರು ಯಾದವಗಿರಿಯ ಐಡಿಯಲ್ ಜಾವಾ 1996ರಲ್ಲೇ ಬಾಗಿಲು ಹಾಕಿತ್ತು. ಹುಟ್ಟಿದ ಊರಲ್ಲೇ ಸಾಮಾನು ಸಿಗದ ಗಾಡಿ ಅದು! ಆಗ ಹೊಸದು ಅಂದರೆ ಎಲ್ಲೋ ಯಾರೋ ಎರಕ ಹೊಯ್ದ ಡೂಪ್ಲಿಕೇಟು. ಒರಿಜಿನಲ್ ಅಂದರೆ ಗುಜರಿಯದು. "ಸತ್ತ ಗಾಡಿ ಸಾಮಾನು ನನಗೆ ಬೇಡ, ಎಲ್ಲ ಹೊಸದೇ ಹಾಕಿ" ಅಂತ ಚಿಕ್ಕಪ್ಪ. "ಅಷ್ಟು ದುಡ್ಡಿಗೆ ಗುಜರಿಯಲ್ಲಿ ಇಡೀ ಇಂಜಿನ್ನೇ ಬರುತ್ತಲ್ಲೋ" ಅಂತ ನಮ್ಮಪ್ಪ.

ಸಾಬರು ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಫಳಫಳ ಹೊಳೆಯೋ ಹೊಸ ಸಿಲಿಂಡರೊಂದನ್ನು ತಲೆಕೆಳಗೆ ಇಟ್ಟು, ಬುಡಕ್ಕೆ ಹಳೇ ಪ್ಯಾಕಿಂಗ್ ಹಾಸಿದರು. ಪ್ಯಾಕಿಂಗಿನ ಕಿಂಡಿ ಒಂದು ಕಡೆ, ಸಿಲಿಂಡರಿನ ಕಿಂಡಿ ಇನ್ನೊಂದು ಕಡೆ. ಈ ಟೂ ಸ್ಟ್ರೋಕಿನಲ್ಲಿ ವಾಲ್ವ್ ಇರಲ್ಲ ನೋಡಿ. ಗ್ಯಾಸು ಒಳಗೆ ಬರೋದೂ ಹೊಗೆ ಆಚೆ ಹೋಗೋದೂ ಗೋಡೆಯ ಕಿಂಡಿಗಳಲ್ಲೇ. ಅವು ಆಚೀಚೆ ಆದರೆ ಗಾಡಿ ಎಳೆಯಲ್ಲ. ಆಮೇಲೆ ಗುಜರಿಯ, ಇನ್ನೂ ಬೋರ್ ಕೊಡದ ಸ್ಟ್ಯಾಂಡರ್ಡ್ ಸಿಲಿಂಡರೊಂದನ್ನು ಸ್ಪ್ಯಾನರಿನಿಂದ ತಟ್ಟಿದರು. ಟಣ್ ಅಂತು. ಒಡಕಿದ್ದರೆ ಮೊದ್ದು ಸದ್ದು ಬರುತ್ತಂತೆ. ಒಳಗೋಡೆಗೆ ಉಗುರು ಎಳೆದರು; ಸಣ್ಣ ಗೀರೊಂದು ತಗುಲಿತು. "ಬೀಡು ಬಿಸಿ ತಿಂದು ತಿಂದು ಹದ ಆಗಿದೆ. ಮೊದಲನೇ ಬೋರ್ ಕೊಟ್ಟರೆ ಗೀರು ಹೋಗುತ್ತೆ. ಇದೇ ಹಾಕೋಣ."

ಅಪ್ಪ ಗೆದ್ದೆ ಅಂತ ಮೀಸೆ ತಿರುವಿದರು. ಬೇರಿಂಗಿನ ಸರದಿ ಬಂತು, "ಹಳೇದು ಕೈಯಲ್ಲೂ ಮುಟ್ಟಲ್ಲ" ಅಂದುಬಿಟ್ಟರು ಸಾಬರು. ಬೇರಿಂಗಿಗೆ ನಂಬರ್ ಇರುತ್ತಲ್ಲ. ಗಾಡಿ ಕಂಪನಿ ಮುಚ್ಚಿದರೇನು, ನಂಬರ್ ಹೇಳಿದರೆ ಯಾವ ಅಂಗಡಿಯಲ್ಲೂ ಒಳ್ಳೇ ಹೊಸದು ಸಿಗುತ್ತೆ.

ಚಿಕ್ಕಪ್ಪನೂ ಸುಮ್ಮನೆ ಕೂರಲಿಲ್ಲ. ಹಳೇ ಸ್ಪೇರ್ಸ್ ಅಂಗಡಿಯೊಂದರ ಅಟ್ಟದಿಂದ ಕಂಪನಿ ಪೊಟ್ಟಣದ ಮಾಲು ಹುಡುಕಿಸಿ ತಂದರು: ಒಂದು ಸೈಜು ದೊಡ್ಡ ಪಿಸ್ಟನ್, ರಿಂಗು, ಆಯಿಲ್ ಸೀಲು. ಸಾಬರು ಪಿಸ್ಟನ್ನನ್ನು ಕಣ್ಣಿಗೊತ್ತಿಕೊಂಡರು. ಸೀಲನ್ನು ಬೆರಳಲ್ಲಿ ಮಡಚಿ ನೋಡಿ ಕಸದ ಡಬ್ಬಕ್ಕೆ ಎಸೆದರು.

ಚಿಕ್ಕಪ್ಪ ಹೌಹಾರಿದರು. "ಸಾಬರೇ, ಅದು ಕಂಪನಿದು!"

"ಪಿಸ್ಟನ್ ಎಷ್ಟು ವರ್ಷ ಬೇಕಾದರೂ ಕೂತಿರುತ್ತೆ ಮೇಷ್ಟ್ರೇ, ರಬ್ಬರು ಕೂತಲ್ಲೇ ಸಾಯುತ್ತೆ. ನಿಮ್ಮ ಇಂಜಿನ್ ಕಚ್ಚಿದ್ದೇ ಸೀಲಿನಿಂದ." ಮ್ಯಾಗ್ನೆಟ್ ಕಡೆಯ ಸೀಲು ಗಟ್ಟಿಯಾಗಿ ಗಾಳಿ ಎಳೆಯುತ್ತಿತ್ತಂತೆ. ಗಾಳಿ ಜಾಸ್ತಿಯಾದರೆ ಪೆಟ್ರೋಲು ಕಮ್ಮಿ. ಪೆಟ್ರೋಲಿನಲ್ಲೇ ಬೆರೆತ ಆಯಿಲೂ ಕಮ್ಮಿ. ಪಿಸ್ಟನ್ ಕಾದು ಉಬ್ಬಿ ಕಚ್ಚಿಕೊಳ್ಳದೆ ಏನು ಮಾಡೀತು? ಇದನ್ನು ಸರಿ ಮಾಡದೆ ಇಡೀ ಇಂಜಿನ್ ಹೊಸದು ಹಾಕಿಸಿದ್ದರೂ ಗಾಡಿ ಮತ್ತೆ ಬಿಳಿಕೆರೆಯಲ್ಲೇ ನಿಲ್ಲುತ್ತಿತ್ತು. ಸೀಲು ಮಾತ್ರ ಈಗಿನ ಕಾಲದ್ದೇ ಬಂತು.

ಇಂಜಿನ್ ಶುರುವಾದ ದಿನ ಬಿಲ್ಲಿನ ಹೊತ್ತಿಗೆ ಸಾಬರು ನೂರಿನ್ನೂರು ಕಮ್ಮಿ ಮಾಡಿ, ಚಿಕ್ಕಪ್ಪನ ಸವೆದ ಸಿಲಿಂಡರನ್ನು ತಾವೇ ಇಟ್ಟುಕೊಂಡರು.

"ಅದೇನು ಕೆಲಸಕ್ಕೆ ಬರುತ್ತೆ?"

"ಒಳಗೆ ಹೊಸ ಸ್ಲೀವ್ ಹೊಡೆಸ್ತೀನಿ. ಯಾರಾದರೂ ಮೇಷ್ಟ್ರು ಒರಿಜಿನಲ್ ಕೇಳ್ಕೊಂಡು ಬರ್ತಾರಲ್ಲ, ಅವರಿಗೆ."