ತುಂಗಭದ್ರೆಯ ಹರಿಗೋಲು

ನಂದಿಬೆಟ್ಟದ ಸೀಮೆಯಲ್ಲಿ ನದಿಗಳು ಹುಟ್ಟುತ್ತವೆಯಾದರೂ ದೋಣಿ ತೇಲುವಷ್ಟು ನೀರು ಅವುಗಳಲ್ಲಿ ನಿಲ್ಲುವುದು ಅಪರೂಪ. ಗೌರಿಬಿದನೂರಿನ ಬಳಿ ಹರಿಯುವ ಉತ್ತರ ಪಿನಾಕಿನಿಯಲ್ಲಿ ವರ್ಷದ ಬಹುಕಾಲ ಕಾಣುವುದು ಮರಳೇ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ಜನ ಕೆರೆಗಳನ್ನು ನೆಚ್ಚಿ ಬಾಳಿದವರು. ಆ ಕಡೆಯ ಸಂಸಾರವೊಂದು ಹಂಪೆಯ ಯಾತ್ರೆಗೆಂದು ಹೋಗಿ ತುಂಗಭದ್ರೆಯ ದಡದಲ್ಲಿ ನಿಂತಾಗ, ಜನರನ್ನು ತುಂಬಿಕೊಂಡ ಬುಟ್ಟಿಯೊಂದು ಗಿರ್ರನೆ ತಿರುಗುತ್ತ ಬರುವುದನ್ನು ಕಂಡು ಬೆರಗಾಗುವುದು ಸಹಜ. ಮಕ್ಕಳಿಗೆ ನಗು, ತಾಯಂದಿರಿಗೆ ಅಳುಕು.

ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಸುಮಾರು 1520ರಲ್ಲಿ ಕಂಡದ್ದೂ ಇದನ್ನೇ. ಒಳಗೆ ಬೆತ್ತ, ಹೊರಗೆ ತೊಗಲು, 15-20 ಮಂದಿಯನ್ನು ಹೊರುವ ಶಕ್ತಿ, ನೆಟ್ಟಗೆ ಸಾಗಲಾರದೆ ಸದಾ ಸುತ್ತುವ ಗುಣ, ಎಲ್ಲವನ್ನೂ ಆತ ಬರೆದಿಟ್ಟಿದ್ದಾನೆ.

ನೀರು ದೋಣಿಯನ್ನು ತಡೆಯುವುದು ಮೈಗೆ ಉಜ್ಜಿಕೊಂಡು. ಅದೂ ಸಾಲದೆಂಬಂತೆ ಮುಂದೆ ಅಲೆಯನ್ನೂ ಹಿಂದೆ ಸುಳಿಯನ್ನೂ ಎಬ್ಬಿಸಿ. ಇಂಗ್ಲೆಂಡಿನ ವಿಲಿಯಂ ಫ್ರೌಡ್ 1870ರ ದಶಕದಲ್ಲಿ ಟಾರ್ಕಿಯ ತನ್ನ ನೀರಿನ ತೊಟ್ಟಿಯಲ್ಲಿ ಹಲಗೆಗಳನ್ನು ಎಳೆಸಿ ಈ ತಡೆಯನ್ನು ಅಳೆದ. ಒಂದಕ್ಕೆ ವಾರ್ನಿಷ್, ಒಂದಕ್ಕೆ ಬಟ್ಟೆ, ಮತ್ತೊಂದಕ್ಕೆ ಮರಳಿನ ಲೇಪ. ಗಿಡ್ಡ ಹಲಗೆಗಳಲ್ಲಿ ಮರಳಿನ ಮೈ ವಾರ್ನಿಷಿನ ಮೈಗಿಂತ ಸುಮಾರು ಇಮ್ಮಡಿ ತಡೆಯನ್ನು ಅನುಭವಿಸಿತು. ಹರಿಗೋಲಿಗೂ ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ನೀರು ಒಳಬಾರದಿರಲೆಂದು ಬಳಿದ ಡಾಂಬರು ಹೆಣಿಗೆಯ ಸಂದುಗಳನ್ನು ಮುಚ್ಚಿ ಮೈಯನ್ನೂ ನಯಗೊಳಿಸುತ್ತದೆ.

ಆದರೆ ಆಕಾರ? ದುಂಡು ಮೈಗೆ ನೀರನ್ನು ಸೀಳುವ ಮೂತಿಯಿಲ್ಲ. ವೇಗವನ್ನೇ ಗುಣವೆಂದು ಬಗೆದವರು ಇದನ್ನು ಒರಟು ದೋಣಿಯೆಂದು ತಳ್ಳಿಹಾಕಬಹುದು. ಅದು ಆತುರದ ಮಾತು. ಅಗಲವಾದ ತಳ ನೀರಿನಲ್ಲಿ ಗೇಣುದ್ದವೂ ಮುಳುಗದೆ, ಚೂಪು ದೋಣಿ ಒಡೆಯುವಂಥ ಬಂಡೆಗಳ ಮೇಲೆ ಜಾರಿಹೋಗುತ್ತದೆ. ದಡ ಸೇರಿದ ಮೇಲೆ ಅಂಬಿಗ ಅದನ್ನು ತಲೆಯ ಮೇಲೆ ಬೋರಲು ಹೊತ್ತು ನಡೆಯಬಲ್ಲ. ಮುಂದೆ ಕುಳಿತು ಹುಟ್ಟನ್ನು ತನ್ನತ್ತ ಸೆಳೆಯುತ್ತ, ತಿರುಗುವ ಚಟವನ್ನು ಅಡಗಿಸುವುದೇ ಅವನ ವಿದ್ಯೆ.

ಪ್ರವಾಹದಲ್ಲಿ ಮಾತ್ರ ಆ ವಿದ್ಯೆ ನಡೆಯದು. ತಳದಲ್ಲಿ ಏಣಿಲ್ಲದ ಹರಿಗೋಲಿಗೆ ಸೆಳವಿಗೆ ಎದುರಾಗಿ ನಿಲ್ಲಲು ಹಿಡಿತವೇ ಇಲ್ಲ. ಆನೆಗೊಂದಿಗೂ ತಳವಾರಘಟ್ಟಕ್ಕೂ ನಡುವೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಪ್ರಾಣ ತೆತ್ತರು. ನದಿ ದಾಟುವವರ ಪಾಲಿಗೆ ದೋಣಿಯ ಹಂಗು ಮತ್ತೆ ಉಳಿಯಿತು. ಮೇಲಿನ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ಅಂಬಿಗರು ಎಷ್ಟು ಕಾಸು ಕೊಟ್ಟರೂ ಹುಟ್ಟು ಮುಟ್ಟಬಾರದು; ಅಂದು ಹರಿಗೋಲುಗಳಿಗೆ ಬಂಡೆಯ ಮೇಲೆ ಬೋರಲಾಗಿ ಬಿದ್ದಿರುವುದೇ ಕ್ಷೇಮ.